ಕಿಂಡಿಯಲ್ಲಿ ನುಗ್ಗಿದ ಶೇಂಗಾ

ಚಳ್ಳಕೆರೆಯ ಕೆಂಪು ನೆಲದ ಶೇಂಗಾ. ಹುರಿದು, ಸಿಪ್ಪೆ ತೆಗೆದು, ನುಣ್ಣಗೆ ಅರೆದು, ಗಂಜಿಯಲ್ಲಿ ಕದಡಿ ಅಜ್ಜಿ ಕೂಸಿನ ಬಾಯಿಗಿಟ್ಟದ್ದೇ ತಡ, ಶುರುವಾಯಿತು ಓಟ!

ಹೊಟ್ಟೆಯ ಆಮ್ಲದ ಮಡುವಿಗೆ ಬಿದ್ದರೂ ಅದರ ಕೆಲವು ಪ್ರೋಟೀನುಗಳು ಕರಗಲಿಲ್ಲ. ಕಿಣ್ವಗಳು ಕೊಚ್ಚಿದವು, ಆದರೂ ತುಣುಕುಗಳು ಉಳಿದವು. ಸಣ್ಣ ಕರುಳಿನ ಗೋಡೆ ದಾಟಿದರೆ ಅಲ್ಲಿ ರೋಗನಿರೋಧಕ ಕೋಶಗಳ ದಂಡೇ ಬೀಡುಬಿಟ್ಟಿದೆ. ಕೋಟೆಯ ಕಿಂಡಿಯಲ್ಲಿ ನುಗ್ಗಿದವರಿಗೆ ಒನಕೆ ಓಬವ್ವ ಕೊಟ್ಟ ಉತ್ತರ ಚಿತ್ರದುರ್ಗದ ಸೀಮೆಗೆ ಗೊತ್ತಲ್ಲ? ಇಲ್ಲೂ ಒನಕೆ ಎತ್ತಿಯೇ ಇದೆ.

ಆ ದಂಡಿನ ಡೆಂಡ್ರೈಟಿಕ್ ಕೋಶವೊಂದು ತುಣುಕನ್ನು ಹಿಡಿದು ದುಗ್ಧರಸ ಗ್ರಂಥಿಗೆ ಎಳೆದೊಯ್ದಿತು. ಎದುರಿಗೆ ಅದೇ ದಂಡಿನ, ಇನ್ನೂ ಏನೂ ಕಲಿಯದ ಟಿ ಕೋಶ. ಹೊಡೆಯಬೇಕೋ, ಬಿಡಬೇಕೋ? ಅಷ್ಟರಲ್ಲಿ ಎ ಜೀವಸತ್ವದಿಂದ ತಯಾರಾದ ರೆಟಿನೋಯಿಕ್ ಆಮ್ಲ ಹರಿಯಿತು, ಟಿಜಿಎಫ್-ಬೀಟಾ ಎಂಬ ಸಂಕೇತವೂ ಮುಟ್ಟಿತು. ಒಳಗೆ ಫಾಕ್ಸ್‌ಪಿ3 ಜೀನ್ ಎದ್ದಿತು. ಹುಟ್ಟಿತು ನಿಯಂತ್ರಕ ಟಿ ಕೋಶ! ದಾಳಿಗೆ ಹೊರಟವರಿಗೆ ಸಿಗಬೇಕಾದ ಐಎಲ್-2 ಎಂಬ ಸಂಕೇತವನ್ನು ತಾನೇ ಹೀರಿತು, ಐಎಲ್-10 ಎಂಬ ಇನ್ನೊಂದನ್ನು ಸುರಿದು ಕಾವು ಇಳಿಸಿತು. ಒನಕೆ ಕೆಳಗಿಳಿಯಿತು.

ಇಳಿಯದಿದ್ದರೆ? ಅಮೆರಿಕದ ಓಕ್ ರಿಜ್ ಪ್ರಯೋಗಾಲಯದಲ್ಲಿ 1949ರಲ್ಲಿ ಚರ್ಮ ಪದರೆದ್ದ ಗಂಡು ಇಲಿಮರಿಗಳು ಹುಟ್ಟಿದವು. ಕೆಲವೇ ವಾರ, ಅಷ್ಟೇ ಆಯುಸ್ಸು. ಅವುಗಳ ಟಿ ಕೋಶಗಳೇ ಅವುಗಳ ಅಂಗಾಂಗಗಳ ಮೇಲೆ ಬಿದ್ದಿದ್ದವು. 1995ರಲ್ಲಿ ಜಪಾನಿನ ಶಿಮೋನ್ ಸಕಾಗುಚಿ ಇಂಥ ದಾಳಿಯನ್ನು ತಡೆಯುವ ಕೋಶಗಳ ಗುರುತು ಹಿಡಿದರು. 2001ರಲ್ಲಿ ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್ ಆ ಇಲಿಗಳಲ್ಲಿ ಕೆಟ್ಟಿದ್ದ ಜೀನನ್ನು ಪತ್ತೆ ಹಚ್ಚಿದರು. ಅದೇ ಫಾಕ್ಸ್‌ಪಿ3. ಮೂವರಿಗೂ 2025ರ ನೊಬೆಲ್. ಸುದ್ದಿ ಬಂದಾಗ ರಾಮ್ಸ್‌ಡೆಲ್ ಬೆಟ್ಟಗಾಡಿನಲ್ಲಿ ಚಾರಣದಲ್ಲಿದ್ದರು. ಹೆಂಡತಿ ಕಿರುಚಿದ್ದು ಕೇಳಿ ಕರಡಿ ಬಂತೆಂದೇ ತಿಳಿದರು! ಕರಡಿಯ ಭಯ ಬಲ್ಲ ಮೊಳಕಾಲ್ಮೂರಿನ ಗುಡ್ಡದಂಚಿನವರು ಇದಕ್ಕೆ ನಗಲಾರರು.

ಮತ್ತೆ ಶೇಂಗಾಕ್ಕೆ ಬರೋಣ. ಪಾಶ್ಚಾತ್ಯ ವೈದ್ಯರು ಬಹುಕಾಲ ಎಳೆಯ ಮಕ್ಕಳಿಂದ ಶೇಂಗಾವನ್ನು ದೂರವಿಡಿ ಎನ್ನುತ್ತಿದ್ದರು. ಲಂಡನ್ನಿನಲ್ಲಿ ಅಲರ್ಜಿಯ ಅಪಾಯ ಹೆಚ್ಚಿದ್ದ 640 ಕೂಸುಗಳ ಅಧ್ಯಯನ 2015ರಲ್ಲಿ ಅದನ್ನು ತಲೆಕೆಳಗು ಮಾಡಿತು: ಐದು ವರ್ಷ ತುಂಬುವ ಹೊತ್ತಿಗೆ ಶೇಂಗಾ ತಿನ್ನದವರಲ್ಲಿ ಶೇ 17.2 ಮಕ್ಕಳಿಗೆ ಅಲರ್ಜಿ, ತಿಂದವರಲ್ಲಿ ಶೇ 3.2. ಅಜ್ಜಿಯ ಗಂಜಿಗೇ ಗೆಲುವು.

ಆದರೆ ಕೂಸಿಗೆ ಇಡೀ ಕಾಳು ಕೊಡಬೇಡಿ, ಗಂಟಲಲ್ಲಿ ಸಿಕ್ಕಿ ಉಸಿರು ಕಟ್ಟೀತು. ಮೈಮೇಲೆ ತೀವ್ರ ಇಸುಬಿದ್ದರೆ, ಮೊಟ್ಟೆ ಆಗದಿದ್ದರೆ, ಮೊದಲು ಮಕ್ಕಳ ವೈದ್ಯರನ್ನು ಕೇಳಿ.