ಹಿಮದ ಬದಲಿಗೆ ಖಾನಾಪುರದ ಮಳೆ

ಅಗಾಥಾ ಕ್ರಿಸ್ಟಿಯ ಪತ್ತೇದಾರಿ ನಾಟಕ ‘ದಿ ಮೌಸ್‌ಟ್ರ್ಯಾಪ್’ ಲಂಡನ್ನಿನಲ್ಲಿ ಶುರುವಾದದ್ದು 1952ರ ನವೆಂಬರ್ 25ಕ್ಕೆ. ಕೊರೊನಾ ಕಾಲದ ಬಿಡುವು ಬಿಟ್ಟರೆ ಆಟ ನಿಂತೇ ಇಲ್ಲ. ಹಿಮ ಬಿದ್ದು ದಾರಿ ಮುಚ್ಚಿದ ವಸತಿಗೃಹ, ತುಂಡಾದ ಟೆಲಿಫೋನ್ ತಂತಿ, ಒಳಗೆ ಸಿಕ್ಕಿಬಿದ್ದ ಎಂಟು ಮಂದಿ. ಕೊಲೆ ಮಾಡಿದವರು ಅವರಲ್ಲೇ ಒಬ್ಬರು.

ಇಂಥದ್ದೊಂದನ್ನು ಬೆಳಗಾವಿಯ ಹವ್ಯಾಸಿ ತಂಡ ಕನ್ನಡದಲ್ಲಿ ಕಟ್ಟುವುದಾದರೆ ಹಿಮ ಯಾಕೆ ಬೇಕು? ಖಾನಾಪುರ ತಾಲೂಕಿನ ಕಣಕುಂಬಿ ಇದೆಯಲ್ಲ, ಮಲಪ್ರಭೆ ಹುಟ್ಟುವ ಊರು! ಆಷಾಢದ ಮಳೆ ಹಿಡಿದರೆ ಜಾಂಬೋಟಿ ದಾರಿಗೆ ಮರ ಅಡ್ಡ, ಕರೆಂಟು ಇಲ್ಲ, ಮೊಬೈಲಿಗೆ ನೆಟ್‌ವರ್ಕ್ ಇಲ್ಲ. ಕ್ರಿಸ್ಟಿ ಕಷ್ಟಪಟ್ಟು ಕಟ್ಟಿದ ಸನ್ನಿವೇಶ ನಮಗೆ ಪುಕ್ಕಟೆ.

ಕಷ್ಟ ಇರೋದು ತಾಲೀಮಿನಲ್ಲಿ. ಕಂಪನಿ ನಾಟಕದಲ್ಲಿ ಮಾತು ಮರೆತ ನಟ ಒಂದು ಚಟಾಕಿ ಹಾರಿಸಿ ದಾಟಿಬಿಡಬಹುದು. ಪತ್ತೇದಾರಿ ನಾಟಕದಲ್ಲಿ ಆ ಸೌಲಭ್ಯ ಇಲ್ಲ. ಸುಳಿವು ಒದ್ದೆ ರೇನ್‌ಕೋಟು ಅಂತಿಟ್ಟುಕೊಳ್ಳಿ. ಮೊದಲ ಅಂಕದಲ್ಲಿ ಅದನ್ನು ಗೂಟಕ್ಕೆ ನೇತುಹಾಕಲು ಮರೆತರೆ ಕೊನೆಯ ಅಂಕದಲ್ಲಿ ಕೊಲೆಗಾರ ಸಿಗುವುದೇ ಇಲ್ಲ.

ಕೊಲೆಗಾರ ಯಾರೆಂದು ಹೊರಗೆ ಬಿಟ್ಟುಕೊಡಬೇಡಿ ಎಂದು ಲಂಡನ್ನಿನಲ್ಲಿ ಆಟದ ಕೊನೆಗೆ ಪ್ರೇಕ್ಷಕರನ್ನು ಕೇಳಿಕೊಳ್ಳುವ ರೂಢಿ ಇದೆ. ನಮ್ಮೂರಲ್ಲಿ ಅದನ್ನು ಕನ್ನಡ, ಮರಾಠಿ ಎರಡರಲ್ಲೂ ಕೇಳಿಕೊಳ್ಳಬೇಕಾದೀತು. ನಾಳೆ ಚಾದಂಗಡ್ಯಾಗ ಕುಂತು ಹೇಳಬ್ಯಾಡ್ರೀ, ನಿಮಗ ಕೈ ಮುಗೀತೇವಿ!