ಇಪ್ಪತ್ತೆರಡನೆಯ ಲೋಟ

ಬೇಸಿಗೆ ರಜೆಯಲ್ಲಿ ಮಕ್ಕಳು ಸೇರಿ ನಡೆಸುವ ವ್ಯಾಪಾರಕ್ಕೆ ಬೇಕಾಗುವುದು ಒಂದು ಮರದ ನೆರಳು, ಒಂದು ಸ್ಟೂಲು, ಒಂದು ಬಿಂದಿಗೆ. ಕರ್ನಾಟಕದ ಶಾಲೆಗಳಿಗೆ ಏಪ್ರಿಲ್ ಎರಡನೆಯ ವಾರದ ಹೊತ್ತಿಗೆ ಬೀಗ ಬಿದ್ದರೆ ತೆಗೆಯುವುದು ಮೇ ಕೊನೆಗೆ. ಬಿಸಿಲು ಏರುವುದು, ಮಾವು ಬಲಿಯುವುದು, ನೆಂಟರ ಮಕ್ಕಳು ಊರಿಗೆ ಬಂದು ಸೇರುವುದು ಎಲ್ಲವೂ ಈ ಆರೇಳು ವಾರಗಳಲ್ಲೇ. ಸರಕು, ಗಿರಾಕಿ, ಪಾಲುದಾರ ಮೂರೂ ಒಟ್ಟಿಗೆ ಸಿಗುವ ಕಾಲ ಅದು.

ಇಂಥ ವ್ಯಾಪಾರಕ್ಕೆ ಜಾಗವೂ ಒದಗಬೇಕು. ಶ್ರೀರಂಗಪಟ್ಟಣದಿಂದ ಕೃಷ್ಣರಾಜಸಾಗರದ ಕಡೆಗೆ ಹೋಗುವ ದಾರಿಯಲ್ಲಿರುವ ಪಾಲಹಳ್ಳಿಗೆ ಅದು ಒದಗಿದೆ. ರಂಗನತಿಟ್ಟಿನ ಪಕ್ಷಿಧಾಮ ಹತ್ತಿರದಲ್ಲೇ ಇದೆ. ಹಕ್ಕಿ ನೋಡಲು, ಅಣೆಕಟ್ಟೆ ನೋಡಲು ಹೋಗುವವರಿಗೆ ಈ ಬಿಸಿಲಲ್ಲಿ ಬಾಯಾರುತ್ತದೆ. ಸುತ್ತ ಕಾವೇರಿ ನಾಲೆಗಳ ಬಯಲು. ಕಬ್ಬು, ಆಲೆಮನೆ, ಬೆಲ್ಲ ಇಲ್ಲಿಗೆ ಹೊಸತಲ್ಲ. ರೈತರ ಬೆಲ್ಲವನ್ನು ಕೊಂಡು ಸಕ್ಕರೆ ಮಾಡುವ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆಯನ್ನು ಗ್ರೋವ್ಸ್ ಕಂಪನಿ 1847ರಲ್ಲಿ ಪಾಲಹಳ್ಳಿಯಲ್ಲೇ ತೆರೆದಿತ್ತು. ಅದರ ಸಕ್ಕರೆಗೆ 1851ರ ಲಂಡನ್ ಮಹಾ ಪ್ರದರ್ಶನದಲ್ಲಿ ಪದಕ ಬಂತು. ಇಂಥ ಸೀಮೆಯ ಮಕ್ಕಳಿಗೆ ಹೊಂದುವ ಸರಕು ಬೆಲ್ಲದ ಪಾನಕ. ಉಪ್ಪುಕಾರ ಸವರಿದ ಮಾವಿನಕಾಯಿ ಹೋಳು, ಸೀಳಿದ ಸೌತೆಕಾಯಿ, ಮಜ್ಜಿಗೆ, ಕಟ್ಟಿದ ಹೂವು ಆಮೇಲಿನವು.

ಪಾನಕವನ್ನೇ ತೆಗೆದುಕೊಂಡು ಲೆಕ್ಕ ಹಾಕಬಹುದು. ಇಪ್ಪತ್ತು ನಿಂಬೆಹಣ್ಣಿಗೆ 100 ರೂಪಾಯಿ, ಒಂದು ಕಿಲೋ ಬೆಲ್ಲಕ್ಕೆ 60, ಏಲಕ್ಕಿಗೆ 10, ಪೇಪರ್ ಲೋಟಕ್ಕೆ 50 ಎಂದಿಟ್ಟುಕೊಂಡರೆ ಅಸಲು 220 ರೂಪಾಯಿ. ಇದರಲ್ಲಿ ನಲವತ್ತು ಲೋಟ ಪಾನಕವಾಗುತ್ತದೆ. ಲೋಟಕ್ಕೆ 10 ರೂಪಾಯಿಯಂತೆ ಇಪ್ಪತ್ತೆರಡನೆಯ ಲೋಟ ಮಾರಿದಾಗ ಹಾಕಿದ ದುಡ್ಡು ಕೈಗೆ ಬರುತ್ತದೆ. ಲಾಭ ಶುರುವಾಗುವುದು ಇಪ್ಪತ್ತಮೂರರಿಂದ. ಡಬ್ಬಿಯಲ್ಲಿ ನಾಣ್ಯ ಸದ್ದು ಮಾಡಿದ ಮಾತ್ರಕ್ಕೆ ಅದು ತಮ್ಮದಲ್ಲ ಎಂಬ ತಿಳಿವಳಿಕೆ ಮಕ್ಕಳಿಗೆ ಬರುವುದು ಈ ಎರಡು ಲೋಟಗಳ ನಡುವೆ. ಮೂವತ್ತೇ ಲೋಟ ಹೋಗಿ ಉಳಿದದ್ದನ್ನು ತಾವೇ ಕುಡಿದರೆ ಲಾಭ 80 ರೂಪಾಯಿ. ಇಬ್ಬರಿಗೆ ತಲಾ 40.

ಈ ಲೆಕ್ಕದಲ್ಲಿ ಮಕ್ಕಳು ಎಡವುವ ಜಾಗ ಒಂದಿದೆ. ಬೆಲ್ಲ ಮನೆಯ ಡಬ್ಬಿಯದಾದರೆ ಅದಕ್ಕೆ ಬೆಲೆ ಕಟ್ಟುವುದನ್ನು ಮರೆಯುತ್ತಾರೆ. 80ರ ಲಾಭ 140 ಆಗಿ ಕಾಣುತ್ತದೆ. ಹೆಚ್ಚಿಗೆ ಕಂಡ 60 ರೂಪಾಯಿ ಅಮ್ಮನದು. ಇದನ್ನು ಒಮ್ಮೆ ತೋರಿಸಿಕೊಟ್ಟರೆ ಮನೆಯಲ್ಲಿ ಪುಕ್ಕಟೆಯಾಗಿ ಸಿಗುವ ಊಟ, ಬಟ್ಟೆ, ದುಡಿಮೆಗಳಿಗೂ ಯಾರೋ ಬೆಲೆ ತೆತ್ತಿರುತ್ತಾರೆ ಎಂಬುದು ಹೊಳೆಯುತ್ತದೆ. ರಾಮನವಮಿಯ ಪೆಂಡಾಲಿನಲ್ಲಿ ಇದೇ ಪಾನಕವನ್ನು ಕರೆದು ಕರೆದು ಕೊಡುತ್ತಾರೆ. ಅಲ್ಲಿ ಕುಡಿಯುವವರು ಕಾಸು ಕೊಡುವುದಿಲ್ಲ, ಆದರೆ ನಿಂಬೆಹಣ್ಣು ತಂದವರು ಕೊಟ್ಟೇ ತಂದಿರುತ್ತಾರೆ.

ಲೆಕ್ಕದಷ್ಟೇ ದೊಡ್ಡ ಪಾಠ ಮಾತಿನದು. ಬೋಣಿಯ ಗಿರಾಕಿ ಬರುವವರೆಗೆ ನಾಚಿಕೆ, ಬಂದ ಮೇಲೆ ಗಡಿಬಿಡಿ. ಒಬ್ಬರು ಚೌಕಾಸಿ ಮಾಡುತ್ತಾರೆ, ಇನ್ನೊಬ್ಬರು 500ರ ನೋಟು ಚಾಚುತ್ತಾರೆ. "ಒಂದಿಷ್ಟು ಕೊಸರು ಹಾಕು ಮಗಾ" ಎನ್ನುವ ಅಜ್ಜಿಗೆ ಇಲ್ಲವೆನ್ನುವುದು ಕಷ್ಟ, ಎಲ್ಲರಿಗೂ ಹಾಕಿದರೆ ಬಿಂದಿಗೆ ಬರಿದು. "ನಾಳೆ ಕೊಡ್ತೀನಿ ಕಣ್ಲಾ" ಎನ್ನುವ ನೆರೆಮನೆಯ ಅಣ್ಣನಿಗೆ ಸಾಲ ಕೊಟ್ಟರೆ ಕೇಳಿ ವಸೂಲು ಮಾಡುವ ಧೈರ್ಯವೂ ಬೇಕು. ಸಂಜೆಯ ಗುಡುಗುಮಳೆ ಸುರಿದ ದಿನ ನಷ್ಟವನ್ನೂ ಸಮನಾಗಿ ಹಂಚಿಕೊಳ್ಳಬೇಕು. ಲಾಭ ಹಂಚುವಾಗ ಉಳಿದ ಗೆಳೆತನ ಆಗಲೂ ಉಳಿಯುತ್ತದೆಯೇ ಎಂಬುದು ಪಾಲುದಾರಿಕೆಯ ಪರೀಕ್ಷೆ.

ವಿಶ್ವ ಆರೋಗ್ಯ ಸಂಸ್ಥೆ 1990ರ ದಶಕದಲ್ಲಿ ಗುರುತಿಸಿದ ಹತ್ತು ಜೀವನ ಕೌಶಲಗಳಲ್ಲಿ ನಿರ್ಧಾರ, ಸಂವಹನ, ಪರಾನುಭೂತಿ, ಒತ್ತಡ ನಿಭಾಯಿಸುವುದು ಸೇರಿವೆ. ಹೆಸರು ಕೇಳದೆಯೂ ಮಕ್ಕಳು ಇವನ್ನು ಸ್ಟೂಲಿನ ಹಿಂದೆ ನಿಂತು ರೂಢಿಸಿಕೊಳ್ಳುತ್ತಾರೆ. ಕರ್ನಾಟಕದ ಅನೇಕ ಶಾಲೆಗಳು ನಡೆಸುವ ಮಕ್ಕಳ ಸಂತೆಯ ಉದ್ದೇಶವೂ ಇದೇ. ಮನೆಯ ಸೊಪ್ಪು, ತರಕಾರಿ, ಚುರುಮುರಿ ತಂದು ಅಂಗಳದಲ್ಲಿ ಮಾರುತ್ತ ಮಕ್ಕಳು ತೂಕ, ಅಳತೆ, ಚಿಲ್ಲರೆ ಕಲಿಯುತ್ತಾರೆ. ಆದರೆ ಸಂತೆ ಒಂದೇ ದಿನದ್ದು, ಕೊಳ್ಳುವವರು ಹೆಚ್ಚಾಗಿ ಮೇಷ್ಟರು ಮತ್ತು ಪೋಷಕರು. ಮಿಕ್ಕ ಸರಕನ್ನೂ ಮರುಕಕ್ಕೆ ಕೊಳ್ಳುತ್ತಾರೆ. ರಜೆಯ ವ್ಯಾಪಾರದಲ್ಲಿ ನಾಳೆ ಎಂಬುದಿದೆ. ಇಂದು ನೀರುನೀರಾದ ಪಾನಕ ಕುಡಿದವರು ನಾಳೆ ಬರುವುದಿಲ್ಲ.

ಕಲಿಕೆ ದುಡಿಮೆಯಾಗದಂತೆ ಗೆರೆಯೂ ಬೇಕು. ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿ ಹದಿನಾಲ್ಕು ದಾಟದ ಮಕ್ಕಳನ್ನು ದುಡಿಮೆಗೆ ಹಚ್ಚುವುದನ್ನು ನಿಷೇಧಿಸಿದೆ. ಅಪಾಯವಿಲ್ಲದ ಮನೆಯ ಕಸುಬಿನಲ್ಲಿ ಶಾಲೆಯ ಹೊತ್ತು ಮುಗಿದ ಮೇಲೆ ಅಥವಾ ರಜೆಯಲ್ಲಿ ನೆರವಾಗಲು ಬಿಟ್ಟಿದೆ. ಮಗುವಿನ ಗಳಿಕೆಯ ಮೇಲೆ ಮನೆಯ ಒಲೆ ಉರಿಯತೊಡಗಿದರೆ ಅದು ಆಟವಲ್ಲ. ಹಿರಿಯರು ಮಾಡಬೇಕಾದದ್ದು ಇಷ್ಟು: ರಸ್ತೆಯಂಚಿನಿಂದ ದೂರ ಕೂರಿಸುವುದು, ಕಾಯಿಸಿ ಆರಿಸಿದ ನೀರು ಕೊಡುವುದು, ನೆತ್ತಿಯ ಬಿಸಿಲಿಗೆ ಮನೆಗೆ ಕರೆಯುವುದು, ಲೆಕ್ಕ ತಪ್ಪಿದಾಗ ಬಾಯಿ ಹಾಕದೆ ಕಾಯುವುದು.

ದಿನದ ಕೊನೆಗೆ ಡಬ್ಬಿ ಸುರಿದು ಎಣಿಸುವಾಗ ಮೊದಲು ತೆಗೆದಿಡಬೇಕಾದದ್ದು ಬೆಲ್ಲದ 60, ಆಮೇಲೆ ನಾಳೆಯ ನಿಂಬೆಹಣ್ಣಿನ 100, ಲೋಟ ಮತ್ತು ಏಲಕ್ಕಿಯ 60. ಪಾಲು ಮಾಡುವುದು ಮಿಕ್ಕಿದ್ದನ್ನು.