ಇಲ್ಲದ ಊರಿಗೊಂದು ಕೋಟೆ

ಬೇಸಿಗೆ ರಜೆ ಬಂತೆಂದರೆ ನಮ್ಮ ಮನೆಯ ಹಜಾರದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಒಂಬತ್ತನೇ ತರಗತಿಯ ಪರೀಕ್ಷೆ ಮುಗಿಸಿದ ಮಗಳು ಈ ಸಲ ದೊಡ್ಡದೊಂದು ಡ್ರಾಯಿಂಗ್ ಶೀಟನ್ನು ನೆಲದ ಮೇಲೆ ಹರಡಿ, ಅದು ಸುರುಳಿ ಸುತ್ತಿಕೊಳ್ಳದಂತೆ ನಾಲ್ಕು ಮೂಲೆಗೂ ಪಠ್ಯಪುಸ್ತಕಗಳನ್ನು ಹೇರಿಟ್ಟಳು. ರಜೆಯಲ್ಲಿ ಆ ಪುಸ್ತಕಗಳಿಗೆ ಸಿಕ್ಕ ಕೆಲಸ ಅದೊಂದೇ. ಮೂರು ದಿನ ಬೋರಲು ಮಲಗಿ ಬರೆದು ಅಳಿಸಿ, ನಾಲ್ಕನೆಯ ದಿನ ನನ್ನನ್ನು ಕರೆದು ತೋರಿಸಿದಳು. ಅದು ಮುಗಿಲೂರು ಎಂಬ ಊರಿನ ನಕ್ಷೆ. ಭೂಪಟದಲ್ಲಿ ಹುಡುಕಬೇಡಿ, ಸಿಗುವುದಿಲ್ಲ.

ಎಂಟು ಮೂಲೆಯ ಕೋಟೆ, ಹದಿನಾರು ಬತೇರಿಗಳು, ನಡುವೆ ಅರಮನೆ, ಪಕ್ಕದಲ್ಲಿ ರೆಕ್ಕೆಯ ಕುದುರೆಗಳ ಲಾಯ. ಕಾಗದದ ಅಂಚಿನವರೆಗೂ ಕೋಟೆಯೇ ತುಂಬಿಕೊಂಡಿತ್ತು. ಚಿತ್ರ ಸೊಗಸಾಗಿತ್ತು. ನಾನು ಸುಮ್ಮನಿರಲಾರದೆ ಕೇಳಿದೆ:

"ಈ ಊರಿನವರು ನೀರು ಎಲ್ಲಿಂದ ತರುತ್ತಾರೆ?"

"ಇದು ಕಲ್ಪನೆ ಅಪ್ಪ!" ಎಂದು ಸಿಡುಕಿದಳು.

"ಭಾರತದ ನಕ್ಷೆ ಬಿಡಿಸಿದ್ದರೆ ಪರೀಕ್ಷೆಯಲ್ಲಿ ಅಂಕವಾದರೂ ಬರುತ್ತಿತ್ತು" ಎಂದು ಅಡುಗೆಮನೆಯಿಂದ ಅವಳ ಅಮ್ಮ ದನಿಗೂಡಿಸಿದಳು. ಮುಂದಿನ ವರ್ಷ ಎಸ್ಸೆಸ್ಸೆಲ್ಸಿ. ಇಂಥ ಮಾತು ನಿಮ್ಮ ಮನೆಯಲ್ಲೂ ಕೇಳಿರುತ್ತದೆ.

ಮಗಳ ಪರವಾಗಿ ನಾನು ಒಂದು ಕಥೆ ಹೇಳಬೇಕಾಯಿತು. 1881ರ ಬೇಸಿಗೆಯಲ್ಲಿ ಸ್ಕಾಟ್ಲೆಂಡಿನ ಬ್ರೇಮಾರ್ ಎಂಬಲ್ಲಿ ಬಿಡದೆ ಮಳೆ ಸುರಿಯುತ್ತಿತ್ತು. ರಜೆಗೆ ಬಂದಿದ್ದ ಹುಡುಗನೊಬ್ಬ ಹೊರಗೆ ಹೋಗಲಾರದೆ ಬಣ್ಣ ಹಿಡಿದು ಕುಳಿತಿದ್ದ. ಅವನ ಮಲತಂದೆ ರಾಬರ್ಟ್ ಲೂಯಿ ಸ್ಟೀವನ್ಸನ್ ಜೊತೆಗೆ ಕುಳಿತು, ಇಲ್ಲದ ದ್ವೀಪವೊಂದರ ನಕ್ಷೆ ಬಿಡಿಸಿದ. ಆ ನಕ್ಷೆಯಿಂದಲೇ ಹುಟ್ಟಿದ್ದು 'ಟ್ರೆಷರ್ ಐಲೆಂಡ್' ಕಾದಂಬರಿ. ನಕ್ಷೆ ಮೊದಲು, ಕಥೆ ಆಮೇಲೆ. ಪ್ರಕಾಶಕರಿಗೆ ಕಳಿಸಿದ ಮೂಲ ನಕ್ಷೆ ದಾರಿಯಲ್ಲೇ ಕಳೆದುಹೋಗಿ, ಪುಸ್ತಕವನ್ನು ಓದುತ್ತ ಓದುತ್ತ ಎರಡನೆಯದನ್ನು ಕಷ್ಟಪಟ್ಟು ರಚಿಸಬೇಕಾಯಿತು.

ಆ ದ್ವೀಪದಲ್ಲೂ ಒಂದು ಕೋಟೆಯಿದೆ. ಮರದ ದಿಮ್ಮಿಗಳ ಸಣ್ಣ ಕೋಟೆ. ಸ್ಟೀವನ್ಸನ್ ಅದನ್ನು ಇಟ್ಟದ್ದು ದಿಬ್ಬದ ಮೇಲೆ, ನೀರಿನ ಒರತೆಯೊಂದನ್ನು ಒಳಗೆ ಸೇರಿಸಿಕೊಂಡು. ಕಡಲ್ಗಳ್ಳರು ಮುತ್ತಿದಾಗ ಒಳಗಿದ್ದವರಿಗೆ ಬಾಯಾರಿಕೆಯ ಭಯವಿರಲಿಲ್ಲ. ಕಲ್ಪನೆಯ ದ್ವೀಪದಲ್ಲೂ ಮೊದಲು ನೀರು, ಆಮೇಲೆ ಗೋಡೆ.

ಮಗಳು ಸ್ವಲ್ಪ ಹೊತ್ತು ತನ್ನ ನಕ್ಷೆಯನ್ನೇ ನೋಡಿದಳು. "ಹಾಗಾದರೆ ನಿಜವಾದ ಕೋಟೆಯೂರನ್ನು ತೋರಿಸು" ಎಂದಳು.

ದೇವನಹಳ್ಳಿಯಲ್ಲಿ ಒಂದು ಸುತ್ತು

ಬೆಂಗಳೂರಿನಿಂದ ಉತ್ತರಕ್ಕೆ ಸುಮಾರು 35 ಕಿಲೋಮೀಟರ್ ದೂರದ ದೇವನಹಳ್ಳಿ ಎಂದರೆ ಈಗ ಎಲ್ಲರಿಗೂ ನೆನಪಾಗುವುದು 2008ರಲ್ಲಿ ಆರಂಭವಾದ ವಿಮಾನ ನಿಲ್ದಾಣ. ವಿಮಾನ ಹತ್ತಲು ಹೋಗುವವರಲ್ಲಿ ಎಷ್ಟೋ ಮಂದಿ ಕೋಟೆಯನ್ನು ನೋಡಿಯೇ ಇಲ್ಲ. ನಾವು ಬಸ್ಸಿನಲ್ಲಿ ಹೋದೆವು. ಕೈಯಲ್ಲಿ ಒಂದು ನೋಟ್ ಪುಸ್ತಕ, ಪೆನ್ಸಿಲು, ನೀರಿನ ಬಾಟಲಿ.

ಆವತಿಯ ನಾಡಪ್ರಭುಗಳ ವಂಶದ ಮಲ್ಲಬೈರೇಗೌಡ 1501ರಲ್ಲಿ ಇಲ್ಲಿ ಕಟ್ಟಿಸಿದ್ದು ಮಣ್ಣಿನ ಕೋಟೆ. 1749ರಲ್ಲಿ ಮೈಸೂರಿನ ಸೇನೆ ಇದನ್ನು ಮುತ್ತಿ ಗೆದ್ದುಕೊಂಡಿತು. ಆ ಕಾಳಗದಲ್ಲಿ ಹೆಸರು ಮಾಡಿದವರಲ್ಲಿ ಹೈದರ್ ಒಬ್ಬ. ಅವನ ಮಗ ಟಿಪ್ಪು ಹುಟ್ಟಿದ್ದೂ ಈ ಊರಿನಲ್ಲೇ. ಅವರ ಕಾಲದಲ್ಲಿ ಮಣ್ಣಿನ ಗೋಡೆ ಕಲ್ಲಿನದಾಯಿತು. 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯ ಅದನ್ನೂ ಹಿಡಿಯಿತು.

ಪೂರ್ವದ ಬಾಗಿಲಿನಿಂದ ಒಳಹೊಕ್ಕಾಗ ಮಗಳಿಗೆ ಮೊದಲು ಆದದ್ದು ನಿರಾಸೆ. "ಇಷ್ಟು ಚಿಕ್ಕದಾ?" ಎಂದಳು. ಅವಳ ಮುಗಿಲೂರಿನ ಹೆಬ್ಬಾಗಿಲಿನಲ್ಲಿ ನಾಲ್ಕು ಆನೆಗಳು ಒಟ್ಟಿಗೆ ನಡೆಯಬಹುದಿತ್ತು. ಅಗಲವಾದ ಬಾಗಿಲನ್ನು ಕಾಯುವುದಕ್ಕೆ ಹೆಚ್ಚು ಜನ ಬೇಕು, ಒಡೆಯುವವನಿಗೂ ಅದು ಸುಲಭ. ಕುದುರೆ ನುಗ್ಗುವಷ್ಟಿದ್ದರೆ ಸಾಕು ಎಂದೆ. ಅವಳು ಬರೆದುಕೊಂಡಳು.

ಇನ್ನೊಂದು ಅಚ್ಚರಿ, ಕೋಟೆಯೊಳಗೆ ಇಂದಿಗೂ ಊರಿದೆ. ವೇಣುಗೋಪಾಲಸ್ವಾಮಿ ದೇವಾಲಯದ ಮುಂದೆ ವಿಶಾಲವಾದ ಅಂಗಳ, ಬೀದಿ, ಮನೆಗಳು. ಗೋಡೆ ಮೊಟ್ಟೆಯಂತೆ ದುಂಡಗೆ ಸುತ್ತಿಕೊಂಡಿದೆ. ಹನ್ನೆರಡು ಅರೆದುಂಡು ಬತೇರಿಗಳು. ಮೆಟ್ಟಿಲೇರಿ ಗೋಡೆಯ ಮೇಲೆ ನಿಂತರೆ ಒಂದು ಬತೇರಿಯಿಂದ ಇನ್ನೊಂದು ಚೆನ್ನಾಗಿ ಕಾಣುತ್ತದೆ. ಬತೇರಿ ಹೊರಗೆ ಚಾಚಿಕೊಂಡಿರುವುದು ಅಂದಕ್ಕಲ್ಲ. ಗೋಡೆಯ ಬುಡಕ್ಕೆ ಬಂದವನು ಮೇಲಿನಿಂದ ಬಗ್ಗಿ ನೋಡಿದರೆ ಕಾಣುವುದಿಲ್ಲ, ಪಕ್ಕದ ಬತೇರಿಯಿಂದ ಕಾಣುತ್ತಾನೆ. ಗೋಡೆಯ ಮೂಲೆ ಚೂಪಾಗಿದ್ದರೆ ಅಲ್ಲಿ ಮರೆ ಸಿಗುವ ಸಾಧ್ಯತೆ ಹೆಚ್ಚು, ದುಂಡಗಿದ್ದರೆ ಕಡಿಮೆ. ಮುಗಿಲೂರಿನ ಎಂಟು ಮೂಲೆಗಳು ಅಲ್ಲೇ ಬಿದ್ದುಹೋದವು.

ಲೆಕ್ಕ ಹಾಕಿದರೆ ಊರು ಬೇರೆಯೇ

ಒಂದು ಮರದ ನೆರಳಿನಲ್ಲಿ ಕುಳಿತು ಲೆಕ್ಕ ಶುರುಮಾಡಿದೆವು. ದೇವನಹಳ್ಳಿಯ ಕೋಟೆಯ ವಿಸ್ತಾರ ಸುಮಾರು 20 ಎಕರೆ. ಅಂದರೆ ಸುಮಾರು 80,000 ಚದರ ಮೀಟರ್. ಅಷ್ಟೇ ವಿಸ್ತಾರದ ದುಂಡನೆಯ ಊರೊಂದನ್ನು ಊಹಿಸಿಕೊಳ್ಳಿ. ಸುತ್ತಳತೆ ಒಂದು ಕಿಲೋಮೀಟರ್, ಅಡ್ಡಳತೆ 320 ಮೀಟರ್. ಹನ್ನೆರಡು ಬತೇರಿಗಳಿದ್ದರೆ ಒಂದರಿಂದ ಇನ್ನೊಂದಕ್ಕೆ ಸುಮಾರು 85 ಮೀಟರ್. ಬಾಣವೋ ಗುಂಡೋ ತಲುಪುವ ದೂರ.

ಅರ್ಧ ಜಾಗ ಬೀದಿ, ಗುಡಿ, ಕಲ್ಯಾಣಿಗಳಿಗೆ ಹೋಗಲಿ. ಉಳಿದ ಅರ್ಧದಲ್ಲಿ ಮನೆಗೆ 200 ಚದರ ಮೀಟರಿನಂತೆ 200 ಮನೆಗಳು. ಮನೆಗೆ ಐವರೆಂದರೆ ಸಾವಿರ ಜನ. ತಲೆಗೆ ದಿನಕ್ಕೆ 20 ಲೀಟರ್ ನೀರು ಎಂದರೂ 20,000 ಲೀಟರ್, ಅಂದರೆ ಸುಮಾರು 1,300 ಬಿಂದಿಗೆ. ಒಂದು ಬಾವಿ ಬರೆದು ಕೈ ತೊಳೆದುಕೊಂಡರೆ ಸಾಲದು.

ಇನ್ನು ಹೊಟ್ಟೆ. ತಲೆಗೆ ದಿನಕ್ಕೆ ಅರ್ಧ ಕಿಲೋ ರಾಗಿಯಂತೆ ವರ್ಷಕ್ಕೆ ಸುಮಾರು 1,800 ಕ್ವಿಂಟಲ್. ಹಳೆಯ ಕಾಲದ ಮಳೆಯಾಧಾರದ ಬೆಳೆ, ಎಕರೆಗೆ ನಾಲ್ಕು ಕ್ವಿಂಟಲ್ ಎಂದು ಹಿಡಿದರೆ 450 ಎಕರೆ ಹೊಲ ಬೇಕು. ಬಿತ್ತನೆ ಬೀಜ, ದನದ ಗೋಮಾಳ, ಸೌದೆಯ ಕಾಡು ಬೇರೆ. 20 ಎಕರೆಯ ಊರನ್ನು ಸಾಕುವ ನೆಲ ಗೋಡೆಯ ಆಚೆಗಿದೆ, ಊರಿಗಿಂತ ಇಪ್ಪತ್ತು ಪಟ್ಟು ದೊಡ್ಡದಾಗಿ!

ಒಂದು ಸೆಂಟಿಮೀಟರಿಗೆ ಹತ್ತು ಮೀಟರ್ ಎಂದು ಬರೆದರೆ ಕೋಟೆಯೊಂದೇ ಶೀಟನ್ನು ತುಂಬಿಬಿಡುತ್ತದೆ. ಹೊಲವೂ ಹಿಡಿಸಬೇಕೆಂದರೆ ಸೆಂಟಿಮೀಟರಿಗೆ 25 ಮೀಟರ್ ಆಗಬೇಕು. ಆಗ ಇಡೀ ಕೋಟೆ ಕಾಗದದ ನಡುವೆ 13 ಸೆಂಟಿಮೀಟರ್, ಒಂದು ಗೇಣಿಗೂ ಕಡಿಮೆ. ಮಗಳು ಶೀಟಿನ ಅಗಲ ನೆನಪಿಸಿಕೊಂಡು ಗಾಳಿಯಲ್ಲಿ ಗೇಣು ಹಾಕಿ ನೋಡಿದಳು. "ಉಳಿದದ್ದೆಲ್ಲ ಆಚೆಯೇ" ಎಂದಳು.

ಆಚೆಗೂ ಈಚೆಗೂ ಸಂಬಂಧ ಕಡಿಯುವಂತಿಲ್ಲ. ಚಿತ್ರದುರ್ಗದ ಒನಕೆ ಓಬವ್ವನ ಕಥೆಯನ್ನೇ ನೆನೆಯಿರಿ. ಗಂಡ ಊಟಕ್ಕೆ ಕುಳಿತಾಗ ಅವಳು ನೀರು ತರಲು ಹೊಂಡಕ್ಕೆ ಹೋದಳು, ಕಿಂಡಿಯಲ್ಲಿ ನುಸುಳುತ್ತಿದ್ದ ಶತ್ರುಗಳನ್ನು ಕಂಡಳು. ಏಳು ಸುತ್ತಿನ ಕೋಟೆಗೂ ಒಂದು ಕಿಂಡಿ ಇರುತ್ತದೆ. ಆ ಬೆಟ್ಟದ ಮೇಲೆ ಗೋಪಾಲಸ್ವಾಮಿ ಹೊಂಡ, ಅಕ್ಕ-ತಂಗಿ ಹೊಂಡಗಳಲ್ಲಿ ಮಳೆನೀರು ಹಿಡಿದಿಟ್ಟದ್ದರಿಂದಲೇ ಕಲ್ಲಿನ ದುರ್ಗದಲ್ಲಿ ಜನ ಬದುಕಿದ್ದು.

ಅಜ್ಜಿಯ ನಕ್ಷೆ

ಅಲ್ಲಿಂದ ನಮ್ಮೂರು ದೂರವಲ್ಲ. ಕೋಲಾರದ ಕಡೆಯ ಹಳ್ಳಿ. ಅಮ್ಮ ಅಲ್ಲೇ ಇದ್ದಾರೆ. ಪಾಳೆಯಗಾರರ ಜಗಳ, ದಂಡಿನ ದಾಳಿಗಳ ಕಾಲದಲ್ಲಿ ಈ ಸೀಮೆಯ ಸಾಮಾನ್ಯ ಹಳ್ಳಿಗಳಿಗೂ ಗೋಡೆಯಿತ್ತು. 1800ರಲ್ಲಿ ಇಲ್ಲೆಲ್ಲ ಸುತ್ತಿದ ಫ್ರಾನ್ಸಿಸ್ ಬುಕಾನನ್ ಮಣ್ಣಿನ ಕೋಟೆಯ ಹಳ್ಳಿಗಳ ಬಗ್ಗೆ ಬರೆದಿದ್ದಾನೆ. ನಮ್ಮೂರಿನ ಗೋಡೆ ಮಳೆಗೆ ಕರಗಿ ಎಂದೋ ದಿಣ್ಣೆಯಾಗಿದೆ. ಊರಬಾಗಿಲಿನ ಎರಡು ಕಲ್ಲುಕಂಬ ಮಾತ್ರ ನಿಂತಿವೆ.

ಸಂಜೆ ಜಗಲಿಯ ಮೇಲೆ ಮಗಳು ನೋಟ್ ಪುಸ್ತಕ ತೆರೆದು, "ಅಜ್ಜಿ, ನಿಮ್ಮ ಕಾಲದಲ್ಲಿ ಊರು ಹೇಗಿತ್ತು ಹೇಳಿ, ಬರೆದುಕೊಳ್ಳುತ್ತೇನೆ" ಎಂದಳು. ಅಮ್ಮ ಕಣ್ಣು ಮುಚ್ಚಿಕೊಂಡೇ ಹೇಳುತ್ತಾ ಹೋದರು. ಊರಬಾಗಿಲು, ಅದರ ಪಕ್ಕ ಚಾವಡಿ, ಎದುರಿಗೆ ಆಂಜನೇಯನ ಗುಡಿ. ರಾಗಿ ತುಂಬುವ ಹಗೇವುಗಳು, ಸಿಹಿನೀರ ಬಾವಿ, ಮೂಡಲಿಗೆ ಕೆರೆ, ತೂಬು, ಗುಂಡುತೋಪು. ದಿಕ್ಕು ತಪ್ಪಲಿಲ್ಲ, ದೂರವೂ ತಪ್ಪಲಿಲ್ಲ. ನಾನು ಶಾಲೆಯಲ್ಲಿ ಕಲಿತ ಯಾವ ಭೂಗೋಳವೂ ಅಷ್ಟು ಖಚಿತವಾಗಿರಲಿಲ್ಲ. ಕೊನೆಗೆ, "ಆಮೇಲೆ ಊರಾಚೆ ಕೇರಿ" ಎಂದರು.

"ಕೇರಿಯಲ್ಲಿ ಯಾರಿದ್ದರು?"

"ನೀರಗಂಟಿ, ತೋಟಿ, ಕೂಲಿಗೆ ಬರೋರು. ಮಳೆಗಾಲ ಕಳೆದ್ ಮೇಲೆ ಕೋಟೆ ಗೋಡೆಗೆ ಮಣ್ಣು ಮೆತ್ತೋರೂ ಅವರೇ ಅಂತೆ. ನಮ್ಮತ್ತೆ ಹೇಳೋರು."

ಮಗಳ ಪೆನ್ಸಿಲು ನಿಂತಿತು. "ಅಂದರೆ ಕೆರೆ ನೀರು ಬಿಡುವವರು, ಗೋಡೆ ಕಟ್ಟುವವರು ಗೋಡೆಯ ಆಚೆ? ದಾಳಿ ಬಂದು ಬಾಗಿಲು ಹಾಕಿದಾಗ ಅವರೆಲ್ಲ ಎಲ್ಲಿಗೆ ಹೋಗುತ್ತಿದ್ದರು ಅಜ್ಜಿ?"

ಅಮ್ಮ ಕಣ್ಣು ತೆರೆದರು. ಬಹಳ ಹೊತ್ತಿನ ಮೇಲೆ, "ಅದನ್ನ ನಾವ್ಯಾರೂ ಕೇಳಲೇ ಇಲ್ಲ ಕಣವ್ವ" ಎಂದರು.

ನಾನೂ ಕೇಳಿರಲಿಲ್ಲ. ನಾನು ಹುಟ್ಟಿದ್ದು ಊರಬಾಗಿಲ ಒಳಗೆ. ಏಳು ವರ್ಷ ನನ್ನ ಪಕ್ಕದಲ್ಲೇ ಕುಳಿತು ಓದಿದ ಗೆಳೆಯನ ಮನೆ ಕೇರಿಯಲ್ಲಿತ್ತು. ಅವನ ಮನೆಯ ಬಾಗಿಲು ಯಾವ ದಿಕ್ಕಿಗೆ ಎಂದು ಕೇಳಿದರೆ ಇವತ್ತಿಗೂ ಹೇಳಲಾರೆ. ಗೋಡೆ ಕರಗಿ ಎಷ್ಟೋ ತಲೆಮಾರು ಕಳೆದಿದ್ದರೂ ನನ್ನ ಕಾಲು ಅದನ್ನು ದಾಟಿರಲಿಲ್ಲ.

ಮತ್ತೆ ಹೊಸ ಶೀಟು

ಮನೆಗೆ ಬಂದು ಮಗಳು ಇನ್ನೊಂದು ಶೀಟು ಹರಡಿದ್ದಾಳೆ. ಇಂಥ ನಕ್ಷೆ ಬಿಡಿಸಬೇಕೆನ್ನುವ ಮಕ್ಕಳಿಗೆ ಅವಳು ಈಗ ಅನುಸರಿಸುತ್ತಿರುವ ಕ್ರಮ ಉಪಯೋಗವಾದೀತು. ಮೊದಲು ಉತ್ತರ ದಿಕ್ಕು ಮತ್ತು ಅಳತೆ. ಆಮೇಲೆ ನೆಲದ ಇಳಿಜಾರು, ಅದನ್ನು ನೋಡಿಕೊಂಡು ಹಳ್ಳ, ಕೆರೆ, ಬಾವಿ. ನೀರಿನಿಂದ ಹೊಲಕ್ಕೆ, ಹೊಲದಿಂದ ಕಣಕ್ಕೆ, ಕಣದಿಂದ ಮನೆಗೆ ದಾರಿಗಳು. ದಾರಿಗಳು ಸೇರುವಲ್ಲಿ ಸಂತೆ, ಗುಡಿ. ಪ್ರತಿಯೊಂದಕ್ಕೂ ಒಂದು ಹೆಸರು. ಬೆಂಗಳೂರಿನ ಹಳೆಯ ಪೇಟೆಯಲ್ಲಿ ಅಕ್ಕಿಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ ಎಂಬ ಹೆಸರುಗಳೇ ಅಲ್ಲಿ ಯಾರಿದ್ದರು ಎಂದು ಹೇಳುವುದಿಲ್ಲವೇ? ಗೋಡೆ ಎಲ್ಲಕ್ಕಿಂತ ಕೊನೆಗೆ, ಅದೂ ಪೆನ್ಸಿಲಿನಲ್ಲಿ. ಪೋಷಕರಿಗೆ ಒಂದೇ ಮಾತು: ಈ ಆಟದಲ್ಲಿ ಗಣಿತ, ಇತಿಹಾಸ, ಭೂಗೋಳ ಮೂರೂ ಬಂದುಹೋಗುತ್ತವೆ. ಶೀಟಿನ ಬೆಲೆಗೆ ನಷ್ಟವಿಲ್ಲ.

ನಿನ್ನೆ ರಾತ್ರಿ ಅವಳು ಕ್ಯಾಲ್ಕುಲೇಟರ್ ಹಿಡಿದು ನನ್ನ ಬಳಿ ಬಂದಳು. ಮುಗಿಲೂರಿನ ಕೇರಿಯನ್ನೂ ಕೋಟೆಯ ಒಳಗೆ ತೆಗೆದುಕೊಂಡರೆ 20 ಎಕರೆ ಸಾಲದು, 30 ಎಕರೆ ಬೇಕು. ಗೋಡೆ ಎಷ್ಟು ಉದ್ದವಾದೀತು ಎಂದು ಲೆಕ್ಕ ಹಾಕಿದ್ದಳು. ಜಾಗ ಒಂದೂವರೆ ಪಟ್ಟಾದರೆ ಗೋಡೆಯೂ ಒಂದೂವರೆ ಪಟ್ಟಾಗುತ್ತದೆ ಎಂದುಕೊಂಡಿದ್ದಳಂತೆ. ದುಂಡನೆಯ ಕೋಟೆಯಲ್ಲಿ ಹಾಗಾಗುವುದಿಲ್ಲ. 1,010 ಮೀಟರ್ ಇದ್ದದ್ದು 1,235 ಮೀಟರ್ ಆಗುತ್ತದೆ.

"ಬರೀ 225 ಮೀಟರ್ ಅಪ್ಪ. ಅಷ್ಟಕ್ಕೆ ಎಲ್ಲರೂ ಒಳಗೆ ಬರುತ್ತಿದ್ದರು. ಮತ್ತೆ ಯಾಕೆ ಕಟ್ಟಲಿಲ್ಲ?"

ನೀರು ಎಲ್ಲಿಂದ ಎಂದು ಅವಳನ್ನು ಕೇಳಿ ಸಿಕ್ಕಿಸಿದವನು ನಾನು. ಈಗ ಪ್ರಶ್ನೆ ನನ್ನ ಕಡೆಗೆ ತಿರುಗಿತ್ತು. ಮುಂದಿನ ಭಾನುವಾರ ಮತ್ತೆ ಊರಿಗೆ ಹೋಗುವುದೆಂದು ಇಬ್ಬರೂ ಮಾತಾಡಿಕೊಂಡಿದ್ದೇವೆ. ಈ ಸಲ ಊರಬಾಗಿಲಿನ ಆಚೆಯಿಂದ ನಕ್ಷೆ ಶುರುಮಾಡಬೇಕಂತೆ. ಗೆಳೆಯ ಊರಿನಲ್ಲೇ ಇದ್ದಾನೆ ಎಂದು ಅಮ್ಮ ಫೋನಿನಲ್ಲಿ ಹೇಳಿದರು.